ಮಿದುಳಿಗೆ ಸರ್ವೆ ನಂಬರು ಕೊಟ್ಟವನು

ಹೊಲದ ಉತಾರ ತೆಗೆಸಲು ಸಾಲಿನಲ್ಲಿ ನಿಂತವರಿಗೆ ಸರ್ವೆ ನಂಬರು ಎಂದರೇನು ಎಂದು ಹೇಳಬೇಕಾಗಿಲ್ಲ. ಆ ನಂಬರು ನೋಡಿ ಹೊಲದಲ್ಲಿ ಜೋಳ ಬರುತ್ತದೋ ಕಡಲೆ ಬರುತ್ತದೋ ಹೇಳಲಾಗದು. ಅಳೆಯುವವರು ನಡೆದು ಹೋದ ಕ್ರಮದಲ್ಲಿ ಬಿದ್ದ ಸಂಖ್ಯೆ ಅದು, ಅಷ್ಟೆ. ಆದರೂ ತಲೆಮಾರುಗಳು ಕಳೆದ ಮೇಲೂ ವ್ಯವಹಾರವೆಲ್ಲ ಅದೇ ಸಂಖ್ಯೆಯ ಮೇಲೆ ನಡೆಯುತ್ತದೆ. ಮನಃಶಾಸ್ತ್ರ, ನರ್ಸಿಂಗ್, ವೈದ್ಯಕೀಯ ಓದುವ ಗೆಳೆಯರು ಪರೀಕ್ಷೆಗೆ ಬಾಯಿಪಾಠ ಮಾಡುವ ಬ್ರಾಡ್‌ಮನ್ ಪ್ರದೇಶಗಳೂ ಹೀಗೆಯೇ. 4 ಎಂದರೆ ಕೈಕಾಲು ಆಡಿಸುವ ಪಟ್ಟಿ, 17 ಎಂದರೆ ಕಣ್ಣಿನ ಸುದ್ದಿ ಮೊದಲು ಬಂದು ಮುಟ್ಟುವ ಜಾಗ, 44 ಮತ್ತು 45 ಮಾತಿಗೆ ಸಂಬಂಧಿಸಿದ್ದು. ಈ ಸಂಖ್ಯೆಗಳು ಅಚ್ಚಾಗಿ ನೂರಕ್ಕೂ ಹೆಚ್ಚು ವರ್ಷಗಳಾದವು. ಇಂದು ಎಂಆರ್‌ಐ ಯಂತ್ರದಲ್ಲಿ ಮಿದುಳಿನ ಭಾಗಭಾಗವನ್ನೂ ಅಳೆಯುವವರು ಕೂಡ ಫಲಿತಾಂಶ ಬರೆಯುವಾಗ ಇವನ್ನೇ ಬಳಸುತ್ತಾರೆ. ಆದರೆ ಸಂಖ್ಯೆ ಕೊಟ್ಟ ಮನುಷ್ಯ ಯಾರು ಎಂದು ಕೇಳಿದರೆ ಹೆಚ್ಚಿನವರಿಗೆ ಹೆಸರಿನ ಆಚೆ ಏನೂ ಗೊತ್ತಿರುವುದಿಲ್ಲ.

ಕೊರ್ಬಿನಿಯನ್ ಬ್ರಾಡ್‌ಮನ್ ಹುಟ್ಟಿದ್ದು 1868ರ ನವೆಂಬರ್ 17ರಂದು, ದಕ್ಷಿಣ ಜರ್ಮನಿಯ ಲಿಗ್ಗರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಮ್ಯೂನಿಕ್, ವುರ್ಟ್ಸ್‌ಬರ್ಗ್, ಬರ್ಲಿನ್, ಫ್ರೈಬರ್ಗ್ ಎಂದು ಊರೂರು ಸುತ್ತಿ ವೈದ್ಯಕೀಯ ಓದಿದ. 1895ರಲ್ಲಿ ವೃತ್ತಿ ನಡೆಸುವ ಪರವಾನಗಿ ಸಿಕ್ಕಿತು. ಮಿದುಳಿನ ನಕ್ಷೆ ಬರೆಯಬೇಕೆಂಬ ಕನಸೇನೂ ಆಗ ಅವನಿಗಿರಲಿಲ್ಲ. ಕಪ್ಪು ಅರಣ್ಯದ ಸೀಮೆಯಲ್ಲಿ ಒಂದು ದವಾಖಾನೆ ಹಾಕಿಕೊಂಡು ಸಾಮಾನ್ಯ ವೈದ್ಯನಾಗಿ ಇದ್ದುಬಿಡುವ ವಿಚಾರದಲ್ಲಿದ್ದ.

ಅಷ್ಟರಲ್ಲಿ ಗಂಟಲಮಾರಿ ಬಡಿಯಿತು. ಅದರಿಂದ ಚೇತರಿಸಿಕೊಳ್ಳುತ್ತ 1896ರಲ್ಲಿ ಅಲೆಕ್ಸಾಂಡರ್ಸ್‌ಬಾಡ್ ಎಂಬ ಬೆಟ್ಟದೂರಿನ ನರರೋಗಗಳ ಆರೋಗ್ಯಧಾಮದಲ್ಲಿ ಸಹಾಯಕ ವೈದ್ಯನಾಗಿ ಸೇರಿದ. ಅಲ್ಲಿನ ಮುಖ್ಯಸ್ಥ ಆಸ್ಕರ್ ವೋಗ್ಟ್. ವಯಸ್ಸಿನಲ್ಲಿ ಬ್ರಾಡ್‌ಮನ್‌ಗಿಂತ ಚಿಕ್ಕವನೇ, ಆದರೆ ಮಿದುಳಿನ ಬಗ್ಗೆ ಹುಚ್ಚು ಹಿಡಿಸಿಕೊಂಡಿದ್ದ ಮನುಷ್ಯ. ಮುಂದೆ ಲೆನಿನ್ ತೀರಿಕೊಂಡಾಗ ಆತನ ಮಿದುಳನ್ನು ಪರೀಕ್ಷಿಸಲು ಸೋವಿಯತ್ ಸರ್ಕಾರ ಕರೆಸಿದ್ದು ಇದೇ ವೋಗ್ಟ್‌ನನ್ನು. ಅವನ ಸಹವಾಸದಲ್ಲಿ ಬ್ರಾಡ್‌ಮನ್‌ನ ದಾರಿ ಬದಲಾಯಿತು. 1898ರಲ್ಲಿ ಲೈಪ್ಜಿಗ್‌ನಿಂದ ಡಾಕ್ಟರೇಟ್ ಪಡೆದು, ಯೆನಾ ಊರಿನ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿ, 1900ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಬಂದ. ಅಲ್ಲಿದ್ದವನು ಆಲೋಯಿಸ್ ಆಲ್‌ಝೈಮರ್. ಮರೆವಿನ ಕಾಯಿಲೆಗೆ ಹೆಸರು ಕೊಟ್ಟ ಅದೇ ಆಲ್‌ಝೈಮರ್. ಹಗಲು ರೋಗಿಗಳನ್ನು ನೋಡಿ ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂರುವ ಅವನ ರೂಢಿ ಬ್ರಾಡ್‌ಮನ್‌ಗೂ ಅಂಟಿತು. ಮಿದುಳಿನ ಅಂಗರಚನೆಯೇ ತನ್ನ ಕೆಲಸ ಎಂದು ತೀರ್ಮಾನಿಸಿದ್ದು ಅಲ್ಲೇ ಇರಬೇಕು.

1901ರಲ್ಲಿ ವೋಗ್ಟ್ ಬರ್ಲಿನ್ನಿಗೆ ಕರೆದ. ಆತ ಮತ್ತು ಆತನ ಹೆಂಡತಿ ಸೆಸಿಲ್ ಅಲ್ಲಿ ಮಿದುಳಿನ ಸಂಶೋಧನೆಗಾಗಿ ಒಂದು ಪ್ರಯೋಗಾಲಯ ನಡೆಸುತ್ತಿದ್ದರು. ಕೆಲಸ ಹಂಚಿಕೆಯಾಯಿತು. ನರತಂತುಗಳ ಸುತ್ತ ಇರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ವಿನ್ಯಾಸವನ್ನು ವೋಗ್ಟ್ ದಂಪತಿ ನೋಡುವುದು, ಕೋಶಗಳ ಜೋಡಣೆಯನ್ನು ಬ್ರಾಡ್‌ಮನ್ ನೋಡುವುದು.

ಆ ಕೆಲಸ ಹೇಗಿತ್ತೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅವನ ಜೀವನದ ಬಹುಪಾಲು ಅದರಲ್ಲೇ ಹೋಯಿತು. ಸತ್ತವರ ಮಿದುಳನ್ನು ರಾಸಾಯನಿಕದಲ್ಲಿಟ್ಟು ಗಟ್ಟಿ ಮಾಡಬೇಕು. ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗದಷ್ಟು ತೆಳುವಾದ ಹಾಳೆಗಳಾಗಿ ಕೊಯ್ಯಬೇಕು. ಹಾಗೆ ಕೊಯ್ದ ಹಾಳೆಯಲ್ಲಿ ಏನೂ ಕಾಣುವುದಿಲ್ಲ. ಬಣ್ಣ ಹಾಕಬೇಕು. ಫ್ರಾಂಜ್ ನಿಸ್ಲ್ ಎಂಬ ವೈದ್ಯ, ಬಟ್ಟೆ ಕಾರ್ಖಾನೆಗಾಗಿ ತಯಾರಾದ ಜಾತಿಯ ಬಣ್ಣಗಳು ನರಕೋಶದ ಒಡಲನ್ನು ಮಾತ್ರ ಹಿಡಿಯುತ್ತವೆ ಎಂದು ಅದಾಗಲೇ ಕಂಡುಕೊಂಡಿದ್ದ. ಸೀರೆಯ ನೂಲಿಗೆ ಬಣ್ಣ ಹಿಡಿಸುವುದನ್ನು ಇಳಕಲ್ಲಿನಲ್ಲಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ; ಯಾವ ಬಣ್ಣ ಯಾವುದಕ್ಕೆ ಹತ್ತುತ್ತದೆ ಎಂಬುದೇ ಅಲ್ಲಿನ ವಿದ್ಯೆ. ಬಣ್ಣ ಹತ್ತಿದ ಹಾಳೆಯಲ್ಲಿ ಕೋಶಗಳು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಒಂದು ಹಾಳೆ ನೋಡಿ ಮುಗಿಸಿ ಮುಂದಿನದು, ಅದರ ಮುಂದಿನದು. ಹೀಗೆ ಎಂಟು ವರ್ಷ.

ಮಿದುಳಿನ ಹೊರಭಾಗದಲ್ಲಿ ಕಾರ್ಟೆಕ್ಸ್ ಎಂಬ ತೊಗಟೆ ಇದೆ. ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪ. ಅದರ ಬಹುಭಾಗದಲ್ಲಿ ಆರು ಪದರಗಳು. ಬ್ರಾಡ್‌ಮನ್ ನೋಡಿದ್ದು ಈ ಪದರಗಳ ದಪ್ಪವನ್ನು, ಕೋಶಗಳ ಗಾತ್ರವನ್ನು, ಅವು ಎಷ್ಟು ಒತ್ತೊತ್ತಾಗಿವೆ ಎಂಬುದನ್ನು. ಒಂದು ಕಡೆ ನಾಲ್ಕನೆಯ ಪದರ ದಪ್ಪಗಿದೆ, ಇನ್ನೊಂದು ಕಡೆ ಅದು ಕಾಣುವುದೇ ಇಲ್ಲ. ಒಂದು ಕಡೆ ಐದನೆಯ ಪದರದಲ್ಲಿ ದೈತ್ಯ ಕೋಶಗಳಿವೆ. ಎಲ್ಲಿ ಈ ವಿನ್ಯಾಸ ಬದಲಾಯಿತೋ ಅಲ್ಲಿ ಗಡಿ.

ನರಗುಂದದ ಕಡೆಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಕಾಣುವುದು ಕಪ್ಪು ಎರಿ ನೆಲ. ನಮ್ಮ ಕುಳಗೇರಿ ಕ್ರಾಸಿನಲ್ಲಿ ತಿರುಗಿ ಬಾದಾಮಿ ಹತ್ತಿರವಾದಂತೆ ನೆಲ ಕೆಂಪಾಗುತ್ತ ಹೋಗುತ್ತದೆ. ಎರಡೂ ಬೇರೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಇಂಥ ಕಡೆಯೇ ಬದಲಾಯಿತು ಎಂದು ಗೆರೆ ಎಳೆದು ತೋರಿಸಿ ಎಂದರೆ ಊರ ಹಿರಿಯರೂ ತಡವರಿಸುತ್ತಾರೆ. ಬ್ರಾಡ್‌ಮನ್‌ನ ತೊಡಕು ಇದೇ ಆಗಿತ್ತು. ಕೆಲವು ಗಡಿಗಳು ಬದುವಿನಂತೆ ಸ್ಪಷ್ಟ. ಉದಾಹರಣೆಗೆ 17ನೇ ಪ್ರದೇಶದಲ್ಲಿ ಒಂದು ಬಿಳಿ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಅದನ್ನು ಇಟಲಿಯ ಜೆನ್ನಾರಿ ಎಂಬ ವೈದ್ಯಕೀಯ ವಿದ್ಯಾರ್ಥಿ ಹದಿನೆಂಟನೇ ಶತಮಾನದಲ್ಲೇ ಗುರುತಿಸಿದ್ದ. ಪ್ರದೇಶ ಮುಗಿದಲ್ಲಿ ಆ ಗೆರೆ ಕತ್ತರಿಸಿದಂತೆ ನಿಲ್ಲುತ್ತದೆ. ಬೇರೆ ಗಡಿಗಳು ಹಾಗಲ್ಲ, ಒಂದರೊಳಗೊಂದು ಕರಗಿ ಹೋಗುತ್ತವೆ. ಅಂಥ ಕಡೆ ಗೆರೆ ಎಳೆಯುವುದು ನೋಡುವ ಕಣ್ಣಿನ ತೀರ್ಮಾನ.

ಮನುಷ್ಯನ ಮಿದುಳೊಂದೇ ಅವನಿಗೆ ಸಾಕಾಗಲಿಲ್ಲ. ಕೋತಿ, ಲೆಮೂರ್, ಮೊಲ, ಮುಳ್ಳುಹಂದಿಯಂಥ ಹೆಜ್‌ಹಾಗ್, ದೊಡ್ಡ ಬಾವಲಿ, ಹೀಗೆ ಹತ್ತಾರು ಪ್ರಾಣಿಗಳ ತೊಗಟೆಯನ್ನು ಕೊಯ್ದು ಹೋಲಿಸಿದ. ಸಸ್ತನಿಗಳೆಲ್ಲದರ ತೊಗಟೆಗೆ ಒಂದೇ ಮೂಲ ಮಾದರಿ ಇದೆ, ಅದೇ ಬೇರೆ ಬೇರೆ ಕಡೆ ಬೇರೆಯಾಗಿ ಬೆಳೆದಿದೆ ಎಂದು ತೋರಿಸುವುದು ಅವನ ಉದ್ದೇಶ. ಈ ಎಲ್ಲ ಕೆಲಸ ಸೇರಿ 1909ರಲ್ಲಿ ಲೈಪ್ಜಿಗ್‌ನಿಂದ ಪುಸ್ತಕವಾಗಿ ಬಂತು. ಅದರಲ್ಲಿದ್ದ ಮಿದುಳಿನ ಹೊರಮೈ ಮತ್ತು ಒಳಮೈಯ ಎರಡು ಚಿತ್ರಗಳೇ ಇಂದು ಎಲ್ಲ ಪಠ್ಯಪುಸ್ತಕಗಳಲ್ಲಿರುವ ನಕ್ಷೆಯ ಮೂಲ. ಸಂಖ್ಯೆಗಳು ಆತ ಅಧ್ಯಯನ ಮಾಡುತ್ತ ಹೋದ ಕ್ರಮದಲ್ಲಿ ಬಿದ್ದವು. ನೆತ್ತಿಯ ನಡುಸೀಳಿನ ಹತ್ತಿರ 1, 2, 3, 4 ಎಂದು ಶುರುವಾಗಿ 52ರವರೆಗೆ ಹೋಗುತ್ತವೆ. ಆದರೆ ಮನುಷ್ಯನ ನಕ್ಷೆಯಲ್ಲಿ 12ರಿಂದ 16ರವರೆಗಿನ ಸಂಖ್ಯೆಗಳು ಕಾಣುವುದಿಲ್ಲ. ಇದು ಅಚ್ಚಿನ ತಪ್ಪೆಂದು ತಿಳಿಯಬೇಡಿ. ಬೇರೆ ಪ್ರಾಣಿಗಳ ಮಿದುಳಿಗಾಗಿ ಆ ಸಂಖ್ಯೆಗಳು ಹೋಗಿದ್ದವು.

ಇನ್ನೊಂದು ಮಾತು. ಇಂತಿಂಥ ನಂಬರಿನಲ್ಲಿ ಇಂತಿಂಥ ಬುದ್ಧಿಶಕ್ತಿ ಕೂತಿದೆ ಎಂದು ಬ್ರಾಡ್‌ಮನ್ ಹೇಳಲಿಲ್ಲ. ರಚನೆ ಬೇರೆಯಾದರೆ ಕೆಲಸವೂ ಬೇರೆ ಇರಬೇಕು ಎಂದು ನಂಬಿದ್ದ, ನಿಜ. ಆದರೆ ನೆನಪು, ವಿವೇಚನೆಯಂಥ ದೊಡ್ಡ ಸಂಗತಿಗಳನ್ನು ಒಂದೊಂದು ತುಂಡಿಗೆ ಗಂಟು ಹಾಕುವುದನ್ನು ಆತ ಒಪ್ಪುತ್ತಿರಲಿಲ್ಲ. ಈಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಎಡಮಿದುಳು, ಬಲಮಿದುಳಿನ ಚಿತ್ರಗಳನ್ನು ನೋಡಿದ್ದರೆ ಏನನ್ನುತ್ತಿದ್ದನೋ.

ಪುಸ್ತಕದ ಸಂಗತಿ ಇದಾದರೆ ಹೊಟ್ಟೆಪಾಡಿನ ಸಂಗತಿ ಬೇರೆ. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಪಾಠಕನಾಗಬೇಕೆಂದರೆ ಡಾಕ್ಟರೇಟ್ ಸಾಲದು. ಅದರ ಮೇಲೆ ಇನ್ನೊಂದು ದೊಡ್ಡ ಪ್ರಬಂಧ ಬರೆದು ಅಧ್ಯಾಪಕ ಮಂಡಳಿಯ ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿ ನೆಟ್, ಕೆ-ಸೆಟ್ ಇದ್ದಂತೆ ಎನ್ನೋಣ, ಆದರೆ ಇಲ್ಲಿ ಪ್ರಶ್ನೆಪತ್ರಿಕೆ ಇಲ್ಲ, ಕೀ ಉತ್ತರವೂ ಇಲ್ಲ. ಮಂಡಳಿಯವರು ಬೇಡ ಎಂದರೆ ಬೇಡ. ಬ್ರಾಡ್‌ಮನ್ ಲೆಮೂರ್‌ಗಳ ತೊಗಟೆಯ ಮೇಲೆ ಪ್ರಬಂಧ ಒಪ್ಪಿಸಿದ. ನಮ್ಮ ಕಾಡುಪಾಪದ ದೂರದ ಬಂಧು ಈ ಲೆಮೂರ್. ಬರ್ಲಿನ್ನಿನ ವೈದ್ಯಕೀಯ ಮಂಡಳಿ ಆ ಪ್ರಬಂಧವನ್ನು ತಿರಸ್ಕರಿಸಿತು. ಮುಂದೆ ಜಗತ್ತೆಲ್ಲ ಬಳಸಲಿರುವ ನಕ್ಷೆಯ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲೇ, ಅದೇ ಊರಿನಲ್ಲಿ, ಆ ನಕ್ಷೆಯವನಿಗೆ ಪಾಠ ಹೇಳುವ ಅರ್ಹತೆ ಸಿಗಲಿಲ್ಲ.

1910ರಲ್ಲಿ ಆತ ಬರ್ಲಿನ್ ಬಿಟ್ಟು ಟ್ಯೂಬಿಂಗೆನ್‌ಗೆ ಹೋದ. ಅಲ್ಲಿನ ಮನೋರೋಗ ವಿಭಾಗದ ರಾಬರ್ಟ್ ಗಾವುಪ್ ಅಂಗರಚನಾ ಪ್ರಯೋಗಾಲಯವನ್ನು ಅವನ ಕೈಗೆ ಕೊಟ್ಟ. ಬರ್ಲಿನ್ ಕೊಡದ ಅರ್ಹತೆಯನ್ನು ಟ್ಯೂಬಿಂಗೆನ್ ಕೊಟ್ಟಿತು, 1913ರಲ್ಲಿ ಪ್ರೊಫೆಸರ್ ಎಂಬ ಪದವಿಯೂ ಬಂತು. ಪದವಿ ಬಂತೇ ಹೊರತು ಭದ್ರವಾದ ಪೀಠ ಬರಲಿಲ್ಲ. ಮರುವರ್ಷ ಮಹಾಯುದ್ಧ. ಸೂಕ್ಷ್ಮದರ್ಶಕ ಬಿಟ್ಟು ಸೈನಿಕರ ಆಸ್ಪತ್ರೆಯಲ್ಲಿ ದುಡಿಯಬೇಕಾಯಿತು. 1916ರಲ್ಲಿ ಹಾಲೆ ಊರಿನ ಹತ್ತಿರ ನೀಟ್ಲೆಬೆನ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಶವಪರೀಕ್ಷೆ ವಿಭಾಗದ ಹುದ್ದೆ ಸಿಕ್ಕಿತು. ತಿಂಗಳು ತಿಂಗಳ ಚಿಂತೆ ಇಲ್ಲದೆ ಬದುಕುವ ಸ್ಥಿತಿ ಬಂದದ್ದು ಆಗ. ವಯಸ್ಸು ನಲವತ್ತೇಳು ದಾಟಿತ್ತು.

ಅಲ್ಲಿ ಮಾರ್ಗರೆಟ್ ಫ್ರಾಂಕೆ ಎಂಬಾಕೆಯ ಪರಿಚಯವಾಯಿತು. 1917ರ ಏಪ್ರಿಲ್‌ನಲ್ಲಿ ಮದುವೆ. 1918ರಲ್ಲಿ ಹೆಣ್ಣುಮಗು. ಅದೇ ವರ್ಷ ಮ್ಯೂನಿಕ್‌ನಿಂದ ಕರೆ ಬಂತು. ಮನೋವೈದ್ಯಶಾಸ್ತ್ರದಲ್ಲಿ ಆಗ ದೊಡ್ಡ ಹೆಸರಾಗಿದ್ದ ಎಮಿಲ್ ಕ್ರೇಪೆಲಿನ್ ಅಲ್ಲಿ ಹೊಸ ಸಂಶೋಧನಾ ಸಂಸ್ಥೆ ಕಟ್ಟುತ್ತಿದ್ದ. ಬಣ್ಣದ ವಿದ್ಯೆ ಕಂಡುಹಿಡಿದ ನಿಸ್ಲ್ ಕೂಡ ಅಲ್ಲಿಗೆ ಬಂದಿದ್ದ. ತೊಗಟೆಯ ರಚನೆಯ ಅಧ್ಯಯನಕ್ಕೆಂದೇ ಒಂದು ವಿಭಾಗ, ಅದಕ್ಕೆ ಬ್ರಾಡ್‌ಮನ್ ಮುಖ್ಯಸ್ಥ. ಜೀವನವಿಡೀ ಬೇಕೆಂದದ್ದು ಒಟ್ಟಿಗೇ ಕೈಗೆ ಬಂದಿತ್ತು. ಕೆಲವೇ ತಿಂಗಳು. ಸೆಪ್ಸಿಸ್ ಎಂಬ ರಕ್ತದ ನಂಜು ಹತ್ತಿ 1918ರ ಆಗಸ್ಟ್ 22ರಂದು ತೀರಿಕೊಂಡ. ಐವತ್ತು ತುಂಬಲು ಇನ್ನೂ ಮೂರು ತಿಂಗಳಿತ್ತು. ಮಗಳಿಗೆ ಒಂದು ವರ್ಷವೂ ಆಗಿರಲಿಲ್ಲ.

ಅವನು ಹೋದ ಮೇಲೆ ನಕ್ಷೆ ತನ್ನ ಪಾಡಿಗೆ ತಾನು ಬೆಳೆಯಿತು. ಹೇಗೆ ಬೆಳೆಯಿತು ಎಂಬುದರಲ್ಲಿ ಒಂದು ಎಡವಟ್ಟೂ ಇದೆ. ಬ್ರಾಡ್‌ಮನ್ ಬರೆದದ್ದು ಮಿದುಳಿನ ಮೇಲ್ಮೈ ಚಿತ್ರ. ತೊಗಟೆಯ ಸುಮಾರು ಮೂರನೇ ಎರಡು ಭಾಗ ಮಡಿಕೆಗಳ ಒಳಗೆ ಅಡಗಿದೆ. ಅಲ್ಲಿ ಗಡಿ ಎಲ್ಲಿ ಹಾಯುತ್ತದೆ ಎಂದು ಆ ಚಿತ್ರದಿಂದ ತಿಳಿಯುವುದಿಲ್ಲ. 1988ರಲ್ಲಿ ಫ್ರಾನ್ಸಿನ ತಲೈರಾಕ್ ಮತ್ತು ತುರ್ನು ಎಂಬ ವೈದ್ಯರು ಮಿದುಳಿನ ಒಂದು ಅಟ್ಲಾಸ್ ತಂದರು. ಅದು ಅರವತ್ತು ವರ್ಷದ ಒಬ್ಬ ಫ್ರೆಂಚ್ ಮಹಿಳೆಯ ಮಿದುಳು. ಅದರ ಮೇಲೆ ಬ್ರಾಡ್‌ಮನ್‌ನ ಸಂಖ್ಯೆಗಳನ್ನು ಅಂದಾಜಿನಲ್ಲಿ ಕೂರಿಸಿದ್ದರು. ಆ ಬಳಿಕ ಎಂಆರ್‌ಐ ಬಳಸುವ ಸಂಶೋಧಕರು ತಮ್ಮ ಚಿತ್ರವನ್ನು ಈ ಅಟ್ಲಾಸಿಗೆ ಹೊಂದಿಸಿ ಇದು 46, ಇದು 9 ಎಂದು ಬರೆಯತೊಡಗಿದರು. ಕೋಶಗಳನ್ನು ಯಾರೂ ನೋಡಿರಲಿಲ್ಲ. ಹಳೆಯ ಉತಾರ ಹಿಡಿದು ಹೊಲಕ್ಕೆ ಹೋಗದೆ ಗಡಿ ಹೇಳಿದ ಹಾಗೆ. ಎಂಟು ವರ್ಷ ಒಂದೊಂದೇ ಹಾಳೆ ನೋಡಿದವನ ಹೆಸರಿನಲ್ಲಿ ಹೀಗಾಯಿತು ಎಂಬುದು ನನಗೆ ಸಂಕಟದ ಸಂಗತಿಯಾಗಿ ಕಾಣುತ್ತದೆ.

ಹಾಗಾದರೆ ಬದುಕಿರುವವರ ಮಿದುಳಿನಲ್ಲಿ, ಕೊಯ್ಯದೆ, ಬಣ್ಣ ಹಾಕದೆ, ಅಂಗಾಂಶದ ವ್ಯತ್ಯಾಸವನ್ನೇ ನೇರವಾಗಿ ಅಳೆಯಬಹುದೆ? ಅಳೆಯಬಹುದು, ಒಂದು ಮಟ್ಟಿಗೆ. ಮತ್ತೆ ನಮ್ಮ ನೆಲದ ಮಾತಿಗೇ ಬರುತ್ತೇನೆ. ಮಳೆ ಎಲ್ಲ ಹೊಲಕ್ಕೂ ಒಂದೇ. ಆದರೆ ಮಳೆ ನಿಂತ ಮೇಲೆ ಮಸಾರಿ ಹೊಲ ಬೇಗ ಆರುತ್ತದೆ, ಎರಿ ಹೊಲ ದಿನಗಟ್ಟಲೆ ಹಸಿ ಹಿಡಿದಿರುತ್ತದೆ. ಎಷ್ಟು ಹೊತ್ತಿಗೆ ಆರಿತು ಎಂದು ನೋಡಿಯೇ ನೆಲ ಯಾವ ಜಾತಿಯದೆಂದು ಹೇಳಬಹುದು. ಎಂಆರ್‌ಐ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಮಿದುಳಿನ ತುಂಬ ನೀರಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿದಾಗ ಆ ಹೈಡ್ರೋಜನ್ ಬೀಜಗಳು ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೋ ಅಲೆ ಬಿಟ್ಟು ಅವನ್ನು ಅಲುಗಿಸಿ, ಮತ್ತೆ ಮೊದಲಿನ ಸ್ಥಿತಿಗೆ ಬರಲು ಎಷ್ಟು ಹೊತ್ತು ಬೇಕಾಯಿತು ಎಂದು ಯಂತ್ರ ಅಳೆಯುತ್ತದೆ. 3 ಟೆಸ್ಲಾ ಯಂತ್ರದಲ್ಲಿ, ಮಯಲಿನ್ ತುಂಬಿದ ಬಿಳಿ ದ್ರವ್ಯದಲ್ಲಿ ಆ ಹೊತ್ತು ಸುಮಾರು 0.8 ಸೆಕೆಂಡ್. ಕೋಶಗಳಿರುವ ಬೂದು ದ್ರವ್ಯದಲ್ಲಿ ಸುಮಾರು 1.3 ಸೆಕೆಂಡ್. ಮಿದುಳಿನ ಸುತ್ತಲಿನ ದ್ರವದಲ್ಲಿ ಸುಮಾರು 4 ಸೆಕೆಂಡ್. ನೀರು ಅದೇ, ನೆಲ ಬೇರೆ.

ಈ ಹೊತ್ತನ್ನು ಲೆಕ್ಕಕ್ಕೆ ತಂದವನು ಫೆಲಿಕ್ಸ್ ಬ್ಲಾಕ್, 1946ರಲ್ಲಿ. ಅಮೆರಿಕದಲ್ಲಿ ಅವನ ತಂಡದೊಂದಿಗೆ ದುಡಿದವರಲ್ಲಿ ಎಸ್.ಎಸ್. ಧರ್ಮಟ್ಟಿ ಎಂಬ ಭಾರತೀಯರಿದ್ದರು. ಈ ಹೆಸರು ಕಂಡೊಡನೆ ನಮ್ಮ ಕಡೆಯವರಿಗೆ ಗೋಕಾಕ ಸೀಮೆಯ ಧರ್ಮಟ್ಟಿ ಊರು ನೆನಪಾಗದೆ ಇರದು. 1951ರಲ್ಲಿ ಆರ್ನಾಲ್ಡ್ ಮತ್ತು ಪ್ಯಾಕಾರ್ಡ್ ಜೊತೆ ಸೇರಿ, ಒಂದೇ ಅಣುವಿನಲ್ಲಿ ಬೇರೆ ಬೇರೆ ಜಾಗದಲ್ಲಿರುವ ಹೈಡ್ರೋಜನ್ ಬೇರೆ ಬೇರೆ ಸಂಕೇತ ಕೊಡುತ್ತದೆ ಎಂದು ಅವರು ತೋರಿಸಿದರು. ಆಮೇಲೆ ಮುಂಬೈಗೆ ಬಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿಜ್ಞಾನವನ್ನು ಬೆಳೆಸಿದರು. ಸಂಕೇತದಿಂದ ಚಿತ್ರ ಮಾಡುವ ದಾರಿ 1973ರಲ್ಲಿ ಪಾಲ್ ಲಾಟರ್‌ಬರ್ ತೋರಿಸಿದ್ದು.

ಇಷ್ಟಾದರೂ ಎಂಆರ್‌ಐ ಬ್ರಾಡ್‌ಮನ್‌ನ ಕಣ್ಣಿಗೆ ಸಮ ಅಲ್ಲ. ಸಾಮಾನ್ಯ ಸ್ಕ್ಯಾನಿನ ಒಂದು ಚುಕ್ಕೆ ಎಂದರೆ ಒಂದು ಮಿಲಿಮೀಟರಿನ ಘನ. ಅಷ್ಟರಲ್ಲಿ ಹತ್ತಾರು ಸಾವಿರ ನರಕೋಶಗಳಿರುತ್ತವೆ, ಒಂದೂ ಕಾಣುವುದಿಲ್ಲ. ಕಾಣುವುದು ಒಟ್ಟು ಮೊತ್ತ: ತೊಗಟೆಯ ದಪ್ಪ, ಬೂದು ದ್ರವ್ಯದ ಪ್ರಮಾಣ, ಮಯಲಿನ್ ಹೆಚ್ಚೋ ಕಡಿಮೆಯೋ ಎಂಬ ಸುಳಿವು. 2011ರಲ್ಲಿ ಗ್ಲಾಸರ್ ಮತ್ತು ವ್ಯಾನ್ ಎಸೆನ್ ಎರಡು ಬಗೆಯ ಸ್ಕ್ಯಾನನ್ನು ಒಂದರಿಂದ ಒಂದು ಭಾಗಿಸಿ ತೊಗಟೆಯ ಮಯಲಿನ್ ನಕ್ಷೆ ತೆಗೆದರು. ಬರ್ಲಿನ್ನಿನಲ್ಲಿ ವೋಗ್ಟ್ ದಂಪತಿಯ ಪಾಲಿಗೆ ಬಂದಿದ್ದ ಅರ್ಧ ಕೆಲಸ ಹೀಗೆ ಜೀವಂತ ಮಿದುಳಿಗೆ ಇಳಿಯಿತು. 2016ರಲ್ಲಿ ಇವರದೇ ತಂಡ ಮಯಲಿನ್, ದಪ್ಪ, ಚಟುವಟಿಕೆ, ಸಂಪರ್ಕ ಎಲ್ಲ ಸೇರಿಸಿ ಮಿದುಳಿನ ಒಂದೊಂದು ಪಾರ್ಶ್ವದಲ್ಲಿ 180 ಪ್ರದೇಶ ಗುರುತಿಸಿತು. ಹೊಲಗಳು ತುಂಡಾಗಿ ಪೋಟು ನಂಬರು ಬಿದ್ದ ಹಾಗೆ.

ನಮ್ಮ ರಾಜ್ಯಕ್ಕೆ ಇದರಿಂದ ಏನು ಎಂದು ಕೇಳುವವರಿಗೆ ಎರಡು ಸಂಗತಿ ಹೇಳಬೇಕು. ಯಾರದೇ ಮಿದುಳಿನ ಭಾಗಗಳನ್ನು ಹೋಲಿಸಬೇಕೆಂದರೆ ಮೊದಲು ಎಲ್ಲವನ್ನೂ ಒಂದು ಮಾದರಿ ಮಿದುಳಿಗೆ ಹೊಂದಿಸಬೇಕು. ಬಹುಕಾಲ ಆ ಮಾದರಿ ಪಾಶ್ಚಾತ್ಯರದು. ಭಾರತೀಯರ ತಲೆಯ ಆಕಾರ, ಗಾತ್ರ ಅದಕ್ಕೆ ಸರಿಯಾಗಿ ಕೂರದು. ಎಳೆದು, ಒತ್ತಿ ಕೂರಿಸಬೇಕು, ಎಳೆದಷ್ಟೂ ಅಳತೆಯಲ್ಲಿ ತಪ್ಪು ಸೇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2020ರಲ್ಲಿ, 6ರಿಂದ 60 ವರ್ಷದವರೆಗಿನ ಭಾರತೀಯರ ಎಂಆರ್‌ಐಗಳಿಂದ ಐದು ವಯೋಮಾನಕ್ಕೆ ಐದು ಮಾದರಿಗಳನ್ನು ಪ್ರಕಟಿಸಿದರು. ಅದೇ ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮಿದುಳುಗಳ ಬ್ಯಾಂಕ್ 1995ರಿಂದ ಇದೆ. ವಿದ್ಯಾರ್ಥಿಗಳು ನೋಡಬಹುದಾದ ಮಿದುಳಿನ ಮ್ಯೂಸಿಯಂ ಕೂಡ ಇದೆ. ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋಗುವವರು ಅರ್ಧ ದಿನ ಉಳಿಸಿಕೊಂಡು ಅದನ್ನು ನೋಡಿ ಬರಬೇಕೆಂದು ನನ್ನ ಸಲಹೆ.

ಎರಡನೆಯದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳ 45 ದಾಟಿದ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದೆ. ಹತ್ತು ಸಾವಿರ ಮಂದಿಯನ್ನು ಸೇರಿಸುವ ಗುರಿ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಜೊತೆಗೆ ಎಂಆರ್‌ಐ. ವಯಸ್ಸಾದಂತೆ ಯಾರ ಮಿದುಳಿನ ಯಾವ ಭಾಗ ಎಷ್ಟು ಕುಗ್ಗುತ್ತದೆ, ಮರೆವು ಶುರುವಾಗುವ ಮೊದಲೇ ಅದು ಅಳತೆಗೆ ಸಿಗುತ್ತದೆಯೇ ಎಂಬುದು ಪ್ರಶ್ನೆ. ಇಂಥ ಅಳತೆಯಲ್ಲಿ ಜಗತ್ತಿನೆಲ್ಲೆಡೆ ಮೊದಲು ನೋಡುವ ಜಾಗಗಳಲ್ಲೊಂದು ಕಿವಿಯ ಒಳಬದಿಗೆ, ಮಿದುಳಿನ ಅಡಿಭಾಗದಲ್ಲಿರುವ ಸಣ್ಣ ಪಟ್ಟಿ. ಆಲ್‌ಝೈಮರ್ ಕಾಯಿಲೆ ತೀರ ಮೊದಲಿಗೆ ಕೈಹಾಕುವುದು ಅಲ್ಲಿಗೆ. ಬ್ರಾಡ್‌ಮನ್‌ನ ನಕ್ಷೆಯಲ್ಲಿ ಅದರ ಸಂಖ್ಯೆ 28.